ಎಲ್ಲಾ ಧರ್ಮಗಳೂ ದೇವರ ವಿಷಯದಲ್ಲಿ ಸರಿ ಇರೋಕೆ ಸಾಧ್ಯನಾ? ಪರ – ವಿರೋಧ

ಕೆಳಗೆ ಎರಡು ಬರಹ ಇದೆ. ಪರ ಬರೆದಿರೋರು ಬೆಂಗಳೂರಿನ ವಿವೇಕನಗರದ ಕಡೆ ಬೆಳೆದೋರು. ವಿರೋಧ ಬರೆದಿರೋರು ಚಾಮರಾಜಪೇಟೆಯೋರು, ಮೊದಲನೆಯವರನ್ನ ಅಕ್ಕ ಅಂತಲೇ ಕರೆಯೋದು. ಪರದ ಬರಹ ಓದ್ಕೊಂಡೇ ವಿರೋಧ ಬರೆದಿದ್ದಾರೆ, ಇದು ಮೋಸ ಅಂತ ಅಕ್ಕನ ತಕರಾರು ಇನ್ನೂ ಇದೆ.

ಪರ

ಮೊದಲು ಪ್ರಶ್ನೆ ಏನು ಅಂತ ನೆಟ್ಟಗೆ ನೋಡ್ಬಿಡೋಣ, ಅರ್ಧ ಜಗಳ ಹುಟ್ಟೋದೇ ಅಲ್ಲಿ. ಎಲ್ಲಾ ಧರ್ಮಗಳೂ ಎಲ್ಲಾ ವಿಷಯದಲ್ಲೂ ಸರಿ ಅಂತ ನಾನು ಹೇಳ್ತಿಲ್ಲ. ಏನು ತಿನ್ಬೇಕು ಏನು ತಿನ್ಬಾರ್ದು, ಸತ್ತೋರನ್ನ ಸುಡೋದಾ ಹೂಳೋದಾ, ಯಾವ ದಿಕ್ಕಿಗೆ ತಿರುಗಿ ಕೈ ಮುಗೀಬೇಕು, ಇದ್ರಲ್ಲೆಲ್ಲ ಒಬ್ರಿಗೊಬ್ರಿಗೆ ಹೊಂದಲ್ಲ, ಹೊಂದದೇ ಇದ್ರೆ ಆಕಾಶ ಏನೂ ಬೀಳಲ್ಲ. ಪ್ರಶ್ನೆ ಇರೋದು ದೇವರ ಬಗ್ಗೆ. ಈ ಎಲ್ಲದರ ಹಿಂದೆ ನಮಗಿಂತ ದೊಡ್ಡದು ಏನೋ ಒಂದಿದೆ, ಅದರ ಕಡೆ ತಿರುಗಿದ ಮನುಷ್ಯ 'ನಾನು, ನಂದು' ಅನ್ನೋದನ್ನ ಸ್ವಲ್ಪ ಸ್ವಲ್ಪ ಬಿಡ್ತಾ ಹೋಗ್ತಾನೆ. ಬೇರೆ ಬೇರೆ ಧರ್ಮದೋರು ಬೇರೆ ಬೇರೆ ಹೆಸರಲ್ಲಿ ಕರೆದು ನಿಜವಾಗ್ಲೂ ಅದನ್ನೇ ಮುಟ್ಟಿರಬಹುದಾ? ಮುಟ್ಟಿರಬಹುದು ಅಂತ ನನ್ನ ವಾದ.

ದೇವರು ಮಾತಿಗೆ ಸಿಗಲ್ಲ ಅಂತ ಹೊರಗಿನೋರು ಯಾರೋ ಹೇಳಿದ್ದಲ್ಲ, ಒಂದೊಂದು ಧರ್ಮದ ಒಳಗಿನ ದೊಡ್ಡೋರೇ ಹೇಳಿರೋದು. ತೈತ್ತಿರೀಯ ಉಪನಿಷತ್ತಲ್ಲಿ 'ಯತೋ ವಾಚೋ ನಿವರ್ತಂತೇ' ಅಂತ ಬರುತ್ತೆ, ಮಾತೂ ಮನಸ್ಸೂ ಅಲ್ಲಿ ತನಕ ಹೋಗೋಕಾಗ್ದೆ ವಾಪಸ್ ಬಂದ್ಬಿಡ್ತವೆ ಅಂತ. ಬೃಹದಾರಣ್ಯಕ ಉಪನಿಷತ್ತಲ್ಲಿ ನೇತಿ ನೇತಿ, ಅಂದ್ರೆ ಇದಲ್ಲ, ಇದಲ್ಲ. ಕುರ್‌ಆನಿನ 42ನೇ ಅಧ್ಯಾಯದಲ್ಲಿ, ಅವನಂಥದ್ದು ಯಾವುದೂ ಇಲ್ಲ ಅನ್ನೋ ಮಾತು. ಯಹೂದಿಗಳಲ್ಲಿ ಮೈಮೋನಿಡಿಸ್ ಅಂತ ಒಬ್ರಿದ್ರು, 1138ರಲ್ಲಿ ಹುಟ್ಟಿದೋರು, ಅಂದ್ರೆ ಹೆಚ್ಚೂಕಡಿಮೆ ನಮ್ಮ ಬಸವಣ್ಣನ ಕಾಲ, ದೇವರು ಏನಲ್ಲ ಅಂತ ಹೇಳಬಹುದೇ ಹೊರತು ಏನು ಅಂತ ಹೇಳೋಕಾಗಲ್ಲ ಅಂದ್ರು. ಅದರ ಮುಂದಿನ ಶತಮಾನದಲ್ಲಿ ಥಾಮಸ್ ಅಕ್ವೈನಾಸ್, ಕ್ಯಾಥೊಲಿಕ್ಕರ ಲೆಕ್ಕದಲ್ಲಿ ಆಚಾರ್ಯರ ಸಾಲಲ್ಲಿ ಮೊದಲು ನಿಲ್ಲೋರು, ಅವರೂ ಹತ್ತಿರ ಹತ್ತಿರ ಅದನ್ನೇ ಹೇಳಿದ್ರು.

ಇಷ್ಟು ಜನ, ಒಬ್ಬರ ಮುಖ ಒಬ್ರು ನೋಡದೇ ಇರೋರು, ನಮ್ಮ ಮಾತು ಪೂರ್ತಿ ಸಾಕಾಗಲ್ಲ ಅಂತ ಒಪ್ಕೊಂಡ್ಮೇಲೆ ಸಾಕಾಗದೇ ಇರೋ ಎರಡು ಮಾತುಗಳು ಒಂದಕ್ಕೊಂದು ಬೇರೆ ಇದ್ರೆ ಅದ್ರಲ್ಲಿ ಒಂದು ಸುಳ್ಳಾಗ್ಲೇಬೇಕು ಅಂತ ಯಾವ ಲಾಜಿಕ್ಕು? ಎರಡೂ ಕಡೆಯೋರು 'ನಾನು ಹೇಳಿದ್ದೇ ಪೂರ್ತಿ ಅಳತೆ' ಅಂತ ಹಠ ಹಿಡಿದಾಗ ಮಾತ್ರ ಡಿಕ್ಕಿ ಆಗೋದು.

ಇದಕ್ಕೆ ಅಂತಲೇ ಒಂದು ಲಾಜಿಕ್ಕು ಕಟ್ಟಿಟ್ಟಿರೋರು ಜೈನರು. ಸ್ಯಾದ್ವಾದ ಅಂತ, ಏಳು ಭಂಗಿ ಅದಕ್ಕೆ. ಯಾವ ಮಾತೇ ಆಡಿದ್ರೂ ಮುಂದೆ ಒಂದು 'ಸ್ಯಾತ್' ಸೇರಿಸ್ಕೋಬೇಕು, ಅಂದ್ರೆ ಒಂದು ಕಡೆಯಿಂದ ನೋಡಿದ್ರೆ ಹೀಗೆ. ಒಂದು ಕಡೆಯಿಂದ ನೋಡಿದ್ರೆ ಇದೆ, ಒಂದು ಕಡೆಯಿಂದ ಇಲ್ಲ, ಒಂದು ಕಡೆಯಿಂದ ಹೇಳೋಕೇ ಬರಲ್ಲ. ಕೇಳೋಕೆ ತಮಾಷೆ ಅನ್ಸುತ್ತೆ ಆದ್ರೆ ಕೂತು ಯೋಚನೆ ಮಾಡಿದ್ರೆ ಇದಕ್ಕಿಂತ ಪ್ರಾಮಾಣಿಕವಾಗಿ ಮಾತಾಡೋದು ಹೇಗೆ ಅಂತ ನಂಗಂತೂ ಗೊತ್ತಾಗಲ್ಲ.

ಇನ್ನೊಂದು ವಿಷಯ, ನನ್ನ ಮಟ್ಟಿಗೆ ಇದೇ ದೊಡ್ಡದು. ನಾನು ಯಾವ ಧರ್ಮದೋಳು ಅನ್ನೋದು ನಾನು ಹುಡುಕಿ ಕಂಡ್ಕೊಂಡಿದ್ದಲ್ಲ, ನಮ್ಮಮ್ಮ ಯಾವ ಮನೇಲಿ ನನ್ನ ಹೆತ್ರು ಅನ್ನೋದ್ರ ಮೇಲೆ ತೀರ್ಮಾನ ಆಗಿದ್ದು. ಅದೇ ರಸ್ತೇಲಿ ನಾಲ್ಕು ಮನೆ ಆಚೆ ಹುಟ್ಟಿದ್ರೆ ಬೇರೆ ಪ್ರಾರ್ಥನೆ ಕಲೀತಿದ್ದೆ. ದೇವರ ಬಗ್ಗೆ ಒಂದೇ ಒಂದು ಧರ್ಮ ಸರಿ, ಮಿಕ್ಕಿದ್ದೆಲ್ಲ ತಪ್ಪು ಅಂದ್ರೆ, ಭೂಮಿ ಮೇಲಿರೋ ಬಹುಪಾಲು ಜನ ಬರೀ ಪಿನ್‌ಕೋಡ್ ತಪ್ಪಾಗಿದ್ದಕ್ಕೆ ದೇವರನ್ನ ಕಳ್ಕೊಂಡ್ರು ಅಂತಾಗುತ್ತೆ. ಹಾಗೆ ಮಾಡೋ ದೇವರಿಗೆ ಕರುಣಾಳು ಅಂತ ಹೆಸರಿಡೋಕೆ ನಂಗೆ ಬಾಯಿ ಬರಲ್ಲ.

ಜಾನ್ ಹಿಕ್ ಅಂತ ಇಂಗ್ಲೆಂಡಿನ ಫಿಲಾಸಫರ್ (1922–2012), ಲಾ ಓದೋ ಹುಡುಗ ಆಗಿದ್ದಾಗ ಕಟ್ಟಾ ಕ್ರೈಸ್ತ ಆದೋರು, ಏಸುವಿನ ದಾರಿ ಒಂದೇ ದಾರಿ ಅಂತಿದ್ದೋರು. 1967ರಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಪಾಠ ಮಾಡೋಕೆ ಬಂದ್ರು. ಅಲ್ಲಿ ಆಗ ಪಂಜಾಬು, ಪಾಕಿಸ್ತಾನ, ಕೆರಿಬಿಯನ್ ಕಡೆಯಿಂದ ಬಂದು ನೆಲೆಸಿದ್ದ ಜನ ತುಂಬಾ. ಹಿಕ್ ಆ ಊರಿನ ಮಸೀದಿ, ಗುರುದ್ವಾರ, ದೇವಸ್ಥಾನ, ಯಹೂದಿಗಳ ಸಿನಗಾಗ್ ಎಲ್ಲಾ ಕಡೆ ಹೋಗಿ ಕೂತ್ಕೊಂಡ್ರು. ಹಾಡು ಬೇರೆ, ಬಟ್ಟೆ ಬೇರೆ, ಭಾಷೆ ಬೇರೆ, ಆದ್ರೆ ಜನ ಮಾಡ್ತಿರೋ ಕೆಲಸ ಒಂದೇ ಅಂತ ಅವರಿಗೆ ಕಾಣಿಸ್ತು. ಆಮೇಲೆ ಅವರು ಕಟ್ಟಿದ ಸಿದ್ಧಾಂತದ ಸಾರ ಇಷ್ಟು: ಆ ಪರಮ ಸತ್ಯ ತನ್ನಷ್ಟಕ್ಕೆ ಹೇಗಿದೆಯೋ ಅದು ಯಾರಿಗೂ ಸಿಗಲ್ಲ, ನಮಗೆ ಸಿಗೋದು ನಮ್ಮ ನಮ್ಮ ಸಂಸ್ಕೃತಿಯ ಕಣ್ಣಿಗೆ ಅದು ಕಂಡ ರೀತಿ. ಒಬ್ರಿಗೆ ಅಲ್ಲಾಹ್, ಒಬ್ರಿಗೆ ಶಿವ, ಒಬ್ರಿಗೆ ಪರಲೋಕದಲ್ಲಿರೋ ತಂದೆ. ಕಂಡಿದ್ದು ನಿಜವಾಗ್ಲೂ ಅದನ್ನೇನಾ ಅಂತ ಪರೀಕ್ಷೆ ಮಾಡೋದು ಹೇಗೆ ಅಂದ್ರೆ, ಆ ಧರ್ಮ ಮನುಷ್ಯನ ಸ್ವಾರ್ಥ ಕಮ್ಮಿ ಮಾಡ್ತಾ ಇದೆಯಾ ಇಲ್ವಾ ನೋಡಿ ಅಂತ. ಆ ಪರೀಕ್ಷೇಲಿ ಎಲ್ಲಾ ದೊಡ್ಡ ಧರ್ಮಗಳಲ್ಲೂ ಪಾಸಾದೋರು ಇದ್ದಾರೆ, ಫೇಲಾದೋರಂತೂ ಕೇಳ್ಲೇಬೇಡಿ.

ನಮ್ಮ ಕಡೆ ಇದನ್ನ ಸಿದ್ಧಾಂತ ಮಾಡಿ ಹೇಳ್ಬೇಕಾದ ಅಗತ್ಯನೇ ಬಿದ್ದಿಲ್ಲ, ನಡ್ಕೊಂಡೇ ಬಂದಿದೆ. ಧರ್ಮಸ್ಥಳ ನೋಡಿ, ದೇವರು ಮಂಜುನಾಥ ಅಂದ್ರೆ ಶಿವ, ಪೂಜೆ ಮಾಡೋರು ಮಾಧ್ವ ವೈಷ್ಣವರು, ಆಡಳಿತ ನಡೆಸೋ ಹೆಗ್ಗಡೆಯವರ ಮನೆತನ ಜೈನರು. ಶಿಶುನಾಳ ಷರೀಫರು (1819–1889) ಹುಟ್ಟಿದ್ದು ಮುಸ್ಲಿಂ ಮನೇಲಿ, ಗುರು ಕಳಸದ ಗೋವಿಂದ ಭಟ್ಟರು. ನಮ್ಮೂರಿನ ಕರಗ, ಚೈತ್ರ ಹುಣ್ಣಿಮೆ ರಾತ್ರಿ ಧರ್ಮರಾಯಸ್ವಾಮಿ ಗುಡಿಯಿಂದ ಹೊರಟು ಕಾಟನ್‌ಪೇಟೆ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗಿಯೇ ಮುಂದೆ ಹೋಗೋದು. ವಿಜಯನಗರದ ರಾಜ ಬುಕ್ಕರಾಯ 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಆದಾಗ ಜೈನರ ಕೈಯನ್ನ ವೈಷ್ಣವರ ಕೈಗೆ ಕೊಟ್ಟು, ಎರಡು ದರ್ಶನಕ್ಕೂ ಭೇದ ಇಲ್ಲ ಅಂತ ಕಲ್ಲಲ್ಲಿ ಕೆತ್ತಿಸಿದ. ಶ್ರವಣಬೆಳಗೊಳದಲ್ಲಿದೆ ಆ ಶಾಸನ, ನಮ್ಮ ಮಾಗಡಿ ಹತ್ರ ಕಲ್ಯದಲ್ಲೂ ಒಂದಿದೆ. 'ದೇವನೊಬ್ಬ ನಾಮ ಹಲವು' ಅಂತ ಬಸವಣ್ಣ ಅದಕ್ಕೂ ಇನ್ನೂರು ವರ್ಷ ಮುಂಚೆಯೇ ಹೇಳಿಯಾಗಿತ್ತು. ಗೀತೆಯಲ್ಲಿ ಕೃಷ್ಣ, ಯಾರು ಯಾವ ರೀತಿ ನನ್ನ ಹತ್ರ ಬರ್ತಾರೋ ನಾನೂ ಅದೇ ರೀತಿ ಅವರಿಗೆ ಸಿಗ್ತೀನಿ ಅಂತಾನೆ. ಇದು ಬರೀ ನಮ್ಮೋರ ಉದಾರತನ ಅಂದ್ಕೋಬೇಡಿ, ಕ್ಯಾಥೊಲಿಕ್ ಚರ್ಚು ಕೂಡ ಎರಡನೇ ವ್ಯಾಟಿಕನ್ ಸಭೇಲಿ, 1965ರ ಅಕ್ಟೋಬರ್ 28ನೇ ತಾರೀಕು, ಬೇರೆ ಧರ್ಮಗಳಲ್ಲಿ ಸತ್ಯವಾಗಿ ಪವಿತ್ರವಾಗಿ ಇರೋ ಯಾವುದನ್ನೂ ನಾವು ತಳ್ಳಿಹಾಕಲ್ಲ ಅಂತ ಅಧಿಕೃತವಾಗಿ ಹೇಳ್ತು.

ಯಾವುದಾದ್ರೂ ಗುರುವಾರ ವಿವೇಕನಗರದ ಬಾಲ ಯೇಸು ಚರ್ಚಿಗೆ ಹೋಗಿ. ಗೇಟಿಂದಲೇ ಮೇಣದ ಬತ್ತಿ, ಹೂವು ಮಾರೋರು. ಒಳಗೆ ಹೋಗೋರಲ್ಲಿ ಎಷ್ಟೋ ಜನರ ಹಣೇಲಿ ಕುಂಕುಮ, ತಲೇಲಿ ಮಲ್ಲಿಗೆ, ಚಪ್ಪಲಿ ಬಿಟ್ಟು ಹೋಗ್ತಾರೆ, ದೇವಸ್ಥಾನಕ್ಕೆ ಹೋದಂಗೇ. ಸೊಂಟದ ಮೇಲೆ ಮಗು ಕೂರಿಸ್ಕೊಂಡು ಬತ್ತಿ ಹಚ್ಚಿ, ಮಗೂನ ಕೈ ಹಿಡಿದು ತಾನೇ ಜೋಡಿಸಿ, ಏನೋ ಗುಣುಗುಣು ಅಂತ ಕೇಳ್ಕೊಂಡು, ಕಣ್ಣಿಗೊತ್ಕೊಂಡು ಹೊರಡ್ತಾರೆ. ಮಂಗಳವಾರ ಇದೇ ಹೆಂಗಸು ಅಮ್ಮನ ಗುಡೀಲಿ ನಿಂಬೆಹಣ್ಣಿನ ದೀಪ ಹಚ್ಚಿರ್ತಾಳೆ. ವಿರೋಧ ಬರೆಯೋ ಮಹಾಶಯರಿಗೆ ನನ್ನದೊಂದೇ ಪ್ರಶ್ನೆ: ಮಂಗಳವಾರ ಆಕೆಯ ಮಾತು ಕೇಳಿಸ್ಕೊಂಡೋರು ಒಬ್ರು, ಗುರುವಾರ ಕೇಳಿಸ್ಕೊಂಡೋರು ಇನ್ನೊಬ್ರಾ? ಇಲ್ಲಾ ಎರಡರಲ್ಲಿ ಒಂದು ದಿನ ಕೇಳೋರೇ ಇರ್ಲಿಲ್ವಾ? ಯಾವ ದಿನ, ಹೇಳ್ಲಿ ನೋಡೋಣ.

ವಿರೋಧ

ಅಕ್ಕನ ಕೊನೇ ಪ್ರಶ್ನೆಗೆ ಆಮೇಲೆ ಬರ್ತೀನಿ, ಅದು ಒಳ್ಳೇ ಪ್ರಶ್ನೆ. ಮೊದಲು ಬಸವಣ್ಣ.

'ದೇವನೊಬ್ಬ ನಾಮ ಹಲವು' ಅಂತ ಅಕ್ಕ ಅಲ್ಲಿಗೆ ನಿಲ್ಲಿಸಿದ್ದಾರೆ. ಎಲ್ರೂ ಅಲ್ಲಿಗೇ ನಿಲ್ಲಿಸೋದು, ಭಾಷಣದಲ್ಲೂ ಬ್ಯಾನರಲ್ಲೂ ಬೆಳಗ್ಗೆ ಬರೋ ಗುಡ್ ಮಾರ್ನಿಂಗ್ ಫಾರ್ವರ್ಡಲ್ಲೂ ಅಷ್ಟೇ ಇರೋದು. ವಚನ ಮುಂದೆ ಹೋಗುತ್ತೆ: 'ಪರಮ ಪತಿವ್ರತೆಗೆ ಗಂಡನೊಬ್ಬ. ಮತ್ತೊಂದಕ್ಕೆರಗಿದಡೆ ಕಿವಿ ಮೂಗ ಕೊಯ್ವನು! ಹಲವು ದೈವದ ಎಂಜಲ ತಿಂಬವರನೇನೆಂಬೆ ಕೂಡಲಸಂಗಮದೇವಾ!' ಎಲ್ಲಾ ದೇವರೂ ಸರಿ ಅಂತ ಹೇಳೋನು ಬರೆಯೋ ಸಾಲಾ ಇದು? ಅರಗು ತಿಂದು ಕರಗುವ ದೈವವನ್ನ ಹೇಗೆ ಸರಿ ಅನ್ನಲಿ ಅಂತ ಕೇಳಿದೋನೂ ಇದೇ ಬಸವಣ್ಣನೇ. ಆತನಿಗೆ ದೇವರ ಬಗ್ಗೆ ಒಂದು ಖಚಿತವಾದ ಮಾತಿತ್ತು, ಉಳಿದಿದ್ದು ತಪ್ಪು ಅನ್ನೋ ಧೈರ್ಯನೂ ಇತ್ತು, ಅದಕ್ಕೇ ಕಲ್ಯಾಣದಲ್ಲಿ ಅಷ್ಟೆಲ್ಲ ಆಗಿದ್ದು. ನಾವು ಆತನ ಮೊದಲ ಸಾಲು ತಗೊಂಡು ಮಿಕ್ಕಿದ್ದನ್ನ ಕತ್ತರಿಸಿ ಹಾಕಿ, ನೋಡಿ ಬಸವಣ್ಣನೂ ನಮ್ಮೋನೇ ಅಂತೀವಿ.

ನನ್ನ ತಕರಾರು ಪೂರ್ತಿ ಇದೇನೇ. 'ಎಲ್ಲರೂ ಸರಿ' ಅನ್ನೋದು ಕೇಳೋಕೆ ಗೌರವದ ಮಾತು ಥರ ಇರುತ್ತೆ, ಆದ್ರೆ ನಿಜಕ್ಕೂ ಅದು ಯಾರ ಮಾತನ್ನೂ ಕೊನೇ ತನಕ ಕೇಳಿಸ್ಕೊಳ್ಳದೇ ಇರೋಕೆ ಇರೋ ನಯವಾದ ಉಪಾಯ. ಆಟೋ ಹಿಂದೆ ಓಂ, ಚಂದ್ರ, ಶಿಲುಬೆ ಮೂರೂ ಒಟ್ಟಿಗೆ ಅಂಟಿಸಿರ್ತಾರಲ್ಲ, ಆ ಸ್ಟಿಕ್ಕರ್ ನಂಗೂ ಇಷ್ಟ, ಆ ಆಟೋ ಹತ್ತೋಕೂ ಖುಷಿ, ಆದ್ರೆ ಅದು ಸಿದ್ಧಾಂತ ಅಲ್ಲ, ಮೂರೂ ಥರದ ಪ್ಯಾಸೆಂಜರ್ ಹತ್ತಬಹುದು ಅನ್ನೋ ಬೋರ್ಡು.

ವ್ಯಾಟಿಕನ್ ವಿಷಯನೂ ಹೀಗೇ. ಆ 1965ರ ಪ್ರಕಟಣೇಲಿ ಅಕ್ಕ ಹೇಳಿದ ಮಾತು ಇರೋದು ನಿಜ. ಸ್ವಲ್ಪ ಕೆಳಗೆ ಹೋಗಿ, ಕ್ರಿಸ್ತನೇ ಮಾರ್ಗ, ಸತ್ಯ, ಜೀವ ಅಂತ ಚರ್ಚು ಸಾರ್ತಾ ಇದೆ, ಯಾವಾಗ್ಲೂ ಸಾರ್ಲೇಬೇಕು ಅಂತಾನೂ ಅಲ್ಲೇ ಬರ್ದಿದೆ. ಅವರು ಎರಡೂ ಹೇಳಿದ್ರು. ಬೇರೆಯೋರಲ್ಲಿ ಸತ್ಯದ ಕಿರಣ ಇದೆ ಅನ್ನೋದು ಬೇರೆ, ಬೇರೆಯೋರೂ ನಮ್ಮಷ್ಟೇ ಸರಿ ಅನ್ನೋದು ಬೇರೆ.

ಇನ್ನು, ದೇವರ ಬಗ್ಗೆ ಮಾತ್ರ ಮಾತಾಡೋಣ, ಊಟ ತಿಂಡಿ ವಿಷಯ ಬಿಡಿ ಅಂದ್ರಲ್ಲ ಅಕ್ಕ, ಒಪ್ದೆ. ದೇವರ ಬಗ್ಗೆನೇ ನೋಡೋಣ. ದೇವರು ಮನುಷ್ಯನಾಗಿ ಹುಟ್ಟಿ, ಶಿಲುಬೆ ಮೇಲೆ ಸತ್ತು, ಮೂರನೇ ದಿನ ಎದ್ದ ಅನ್ನೋದು ಕ್ರೈಸ್ತರ ನಂಬಿಕೆಯ ಹೊಟ್ಟೆ ಭಾಗ, ಅಂಚಲ್ಲ. ಬೈಬಲ್ಲಲ್ಲಿ ಸಂತ ಪೌಲ ಕೊರಿಂಥದೋರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ನೇರವಾಗಿ ಹೇಳ್ಬಿಡ್ತಾನೆ, ಕ್ರಿಸ್ತ ಎದ್ದು ಬಂದಿಲ್ಲ ಅಂದ್ರೆ ನಿಮ್ಮ ನಂಬಿಕೆ ವ್ಯರ್ಥ ಅಂತ. ಪೂರ್ತಿ ಗಂಟು ಒಂದೇ ಕಡೆ ಇಟ್ಟುಬಿಟ್ಟ. ಕುರ್‌ಆನಿನ 4ನೇ ಅಧ್ಯಾಯ, 157ನೇ ವಚನ: ಅವರು ಅವನನ್ನ ಕೊಲ್ಲಲೂ ಇಲ್ಲ, ಶಿಲುಬೆಗೆ ಏರಿಸಲೂ ಇಲ್ಲ. ದೇವರಿಗೆ ಮಗ ಇದ್ದಾನೆ ಅನ್ನೋದು ಇಸ್ಲಾಮಲ್ಲಿ ಸಣ್ಣ ತಪ್ಪಲ್ಲ. ಇಲ್ಲಿ 'ಒಂದು ಕಡೆಯಿಂದ ನೋಡಿದ್ರೆ' ಅಂತ ಸೇರಿಸಿ ಏನು ಮಾಡ್ತೀರ? ಒಂದು ಕಡೆಯಿಂದ ಸತ್ತ, ಒಂದು ಕಡೆಯಿಂದ ಸಾಯ್ಲಿಲ್ವಾ?

ಅಷ್ಟು ದೂರ ಹೋಗೋದೂ ಬೇಡ. ಜೀವನೂ ಬ್ರಹ್ಮನೂ ಒಂದೇ ಅಂತ ಶಂಕರರು. ಅಲ್ವೇ ಅಲ್ಲ, ದೇವರು ಬೇರೆ ಜೀವ ಬೇರೆ, ಜೀವ ಜೀವಕ್ಕೂ ಭೇದ, ಹೀಗೆ ಐದು ಥರ ಭೇದ, ಅದೂ ಮೋಕ್ಷ ಆದ್ಮೇಲೂ ಹೋಗದ ಭೇದ ಅಂತ ನಮ್ಮ ಉಡುಪಿಯ ಮಧ್ವಾಚಾರ್ಯರು. ನಡುವೆ ರಾಮಾನುಜರು ಇಬ್ಬರಿಗೂ ಒಪ್ಪಲ್ಲ. ಮೂರೂ ಕಡೆಯೋರು ಅದೇ ಉಪನಿಷತ್ತು, ಅದೇ ಬ್ರಹ್ಮಸೂತ್ರ ಇಟ್ಕೊಂಡೇ ಜಗಳ ಆಡಿರೋದು, ಪಿನ್‌ಕೋಡ್ ಬೇರೆ ಇದ್ದಿದ್ದಕ್ಕಲ್ಲ. ಏಳೆಂಟು ನೂರು ವರ್ಷ ಪಂಡಿತರು ರಾತ್ರಿ ಹಗಲು ಕೂತು ಒಬ್ಬರ ಗ್ರಂಥಕ್ಕೆ ಇನ್ನೊಬ್ರು ಖಂಡನೆ ಬರೆದ್ರು. ಅಯ್ಯೋ ಸ್ವಾಮಿ ಬಿಡಿ, ನೀವೆಲ್ಲ ಹೇಳ್ತಿರೋದು ಒಂದೇ ಅಂತ ಈಗ ನಾವು ಹೋಗಿ ಹೇಳಿದ್ರೆ ಅವರು ಮೂರೂ ಜನ ಒಟ್ಟಾಗೋದು ಒಂದೇ ವಿಷಯಕ್ಕೆ, ನಮ್ಮನ್ನ ಆಚೆ ಕಳಿಸೋಕೆ. ಅವರ ವಾದದಲ್ಲಿ ಒಂದು ಪದ್ಧತಿ ಇತ್ತು, ಪೂರ್ವಪಕ್ಷ ಅಂತ, ಎದುರಿನೋರ ಮಾತನ್ನ ಮೊದಲು ಪೂರ್ತಿಯಾಗಿ ಅವರಿಗೇ ಒಪ್ಪಿಗೆ ಆಗೋ ಹಾಗೆ ಇಟ್ಟು, ಆಮೇಲೆ ಬೀಳಿಸೋದು. ನನ್ನ ಕೇಳಿದ್ರೆ ಗೌರವ ಅಂದ್ರೆ ಅದು.

ಮಾತಿಗೆ ಸಿಗದ ದೇವರ ವಿಷಯ. ಮಾತು ಸಾಲಲ್ಲ ಅಂದೋರು ಯಾರೂ ಯಾವ ಮಾತಾದ್ರೂ ಆಡಬಹುದು ಅಂದಿಲ್ಲ. ಮೈಮೋನಿಡಿಸ್ ದೇವರ ಬಗ್ಗೆ ಏನೂ ಹೇಳೋಕಾಗಲ್ಲ ಅಂತಾನೇ, ದೇವರಿಗೆ ದೇಹ ಇದೆ ಅನ್ನೋದು ತಪ್ಪು ಅಂತ ಖಡಾಖಂಡಿತ ಹೇಳಿದ. ಅಕ್ವೈನಾಸ್ ದೇವರು ಏನು ಅಂತ ನಮಗೆ ಗೊತ್ತಿಲ್ಲ ಅಂತಾನೇ ತ್ರಿತ್ವವನ್ನ, ಅಂದ್ರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ದೇವರು ಅನ್ನೋದನ್ನ, ಪುಟಗಟ್ಟಲೆ ಸಮರ್ಥಿಸಿದ. ಪೂರ್ತಿ ಗೊತ್ತಿಲ್ಲ ಅನ್ನೋದಕ್ಕೂ ತಪ್ಪು ಅನ್ನೋದೇ ಇಲ್ಲ ಅನ್ನೋದಕ್ಕೂ ತುಂಬಾ ದೂರ ಇದೆ.

ಕುರುಡರು, ಆನೆ ಕಥೆ ಅಕ್ಕ ಹೇಳದೇ ಬಿಟ್ಟಿದ್ದಾರೆ, ನಾನು ಹಿಡ್ಕೋತೀನಿ ಅಂತ ಗೊತ್ತಿತ್ತು ಅನ್ಸುತ್ತೆ. ಆದ್ರೂ ಹೇಳ್ತೀನಿ, ಯಾಕಂದ್ರೆ ಹಿಕ್ ಸಿದ್ಧಾಂತ ನಿಂತಿರೋದೇ ಅಂಥದ್ದರ ಮೇಲೆ. ಬೌದ್ಧರ ಉದಾನ ಅನ್ನೋ ಗ್ರಂಥದಲ್ಲಿ ಬುದ್ಧ ಈ ಕಥೆ ಹೇಳ್ತಾನೆ, ಬೇರೆ ಬೇರೆ ಪಂಥದ ಅಲೆದಾಡೋ ಸನ್ಯಾಸಿಗಳು ಕಿತ್ತಾಡ್ತಿರೋದನ್ನ ನೋಡಿ. ಕಥೇಲಿ ಕುರುಡರನ್ನ ಸೇರಿಸೋಕೆ ಹೇಳಿ, ಆನೆ ತೋರ್ಸಿ, ಅವರ ಜಗಳ ನೋಡಿ ನಗೋ ರಾಜ ಒಬ್ಬ ಇದ್ದಾನೆ, ಅವನಿಗೆ ಕಣ್ಣಿದೆ! ಬುದ್ಧ ತನ್ನನ್ನ ಕುರುಡರ ಲಿಸ್ಟಲ್ಲಿ ಸೇರಿಸ್ಕೊಂಡಿಲ್ಲ. ಲೆಸ್ಲಿ ನ್ಯೂಬಿಗಿನ್ ಅಂತ ಒಬ್ರು, ಇಲ್ಲೇ ಪಕ್ಕದ ಮಧುರೈನಲ್ಲಿ ಬಿಷಪ್ ಆಗಿದ್ದೋರು, ಆಮೇಲೆ ಮದರಾಸಿನಲ್ಲೂ, ಅವರು ಇದನ್ನೇ ಎತ್ತಿ ತೋರ್ಸಿದ್ರು: ಈ ಕಥೆ ಹೇಳೋಕೆ ಆನೇನ ಪೂರ್ತಿ ನೋಡಿದೋನೇ ಆಗಿರ್ಬೇಕು. ಎಲ್ಲಾ ಧರ್ಮದೋರೂ ತುಂಡು ತುಂಡು ಮುಟ್ಟಿದ್ದಾರೆ ಅನ್ನೋನು ತಾನು ಮಾತ್ರ ಇಡೀದು ನೋಡಿದ್ದೀನಿ ಅಂತ ಹೇಳ್ದಂಗೆ. ವಿನಯದ ವೇಷದಲ್ಲಿ ಬರೋ ಜಂಭ ಇದು.

ಹಿಕ್ ಅವರದ್ದು ಇನ್ನೂ ಒಂದು ಕಷ್ಟ. ಅವರ ಲೆಕ್ಕದಲ್ಲಿ ಆ ಪರಮ ಸತ್ಯ ವ್ಯಕ್ತಿನೂ ಅಲ್ಲ, ವ್ಯಕ್ತಿ ಅಲ್ಲದ್ದೂ ಅಲ್ಲ, ಒಳ್ಳೇದು ಕೆಟ್ಟದ್ದು ಅನ್ನೋ ಮಾತೂ ಅದಕ್ಕೆ ತಗಲಲ್ಲ. ಹಾಗಾದ್ರೆ ಅದು ಪ್ರೀತಿಸುತ್ತೆ ಅಂತ ಹೇಳೋಕಾಗಲ್ಲ, ಪ್ರಾರ್ಥನೆ ಕೇಳುತ್ತೆ ಅಂತಾನೂ ಇಲ್ಲ. ಆಗ ಅಲ್ಲಾಹು ಕರುಣಾಮಯಿ ಅನ್ನೋ ಮುಸಲ್ಮಾನನೂ, ದೇವರು ಪ್ರೀತಿ ಅನ್ನೋ ಕ್ರೈಸ್ತನೂ, ಹರಿಯೇ ಸರ್ವೋತ್ತಮ ಅನ್ನೋ ಮಾಧ್ವನೂ ಎಲ್ಲರೂ ಸಮಾನವಾಗಿ ತಪ್ಪು. ಎಲ್ಲರೂ ಸರಿ ಅಂತ ಶುರು ಮಾಡಿದ ಬಸ್ಸು ಎಲ್ಲರೂ ತಪ್ಪು ಅನ್ನೋ ಸ್ಟಾಪಲ್ಲಿ ಇಳಿಸ್ತು.

ಹುಟ್ಟಿನ ವಾದ ನಿಜವಾಗ್ಲೂ ಭಾರ ಇರೋದು, ಅದನ್ನ ಹಗುರ ಮಾಡಿ ಮಾತಾಡಲ್ಲ. ಆದ್ರೆ ಅದು ಹೇಳೋದು ನಾವು ಹೇಗೆ ನಂಬಿದ್ವಿ ಅಂತ ಮಾತ್ರ, ನಂಬಿದ್ದು ನಿಜನಾ ಅಂತ ಅಲ್ಲ. ಅಮೆರಿಕದ ಫಿಲಾಸಫರ್ ಆಲ್ವಿನ್ ಪ್ಲಾಂಟಿಂಗಾ ಇದನ್ನೇ ತಿರುಗಿಸಿ ಹೊಡೆದ್ರು: ಎಲ್ಲಾ ಧರ್ಮವೂ ಸರಿ ಅನ್ನೋನು ಮಧ್ಯಯುಗದ ಫ್ರಾನ್ಸಲ್ಲಿ ಹುಟ್ಟಿದ್ರೆ ಹಾಗನ್ನುತ್ತಲೇ ಇರ್ಲಿಲ್ಲ, ಹಾಗಾದ್ರೆ ಅವನ ಮಾತೂ ಬರೀ ಹುಟ್ಟಿದ ಜಾಗದ ಪ್ರಭಾವನಾ? ಅಕ್ಕನೂ ಹುಟ್ಟಿದ್ದು ಬೆಂಗಳೂರಲ್ಲಿ, ವಿವೇಕನಗರದಲ್ಲಿ. 'ಎಲ್ಲರೂ ಸರಿ' ಅನ್ನೋದೂ ಈ ಊರು ಕಲಿಸಿದ ಪಾಠವೇ.

ಅದೂ ಅಲ್ದೆ ಹುಟ್ಟಿದ ಧರ್ಮ ಬಿಟ್ಟು ಹೋದೋರನ್ನ ಈ ವಾದ ಏನು ಮಾಡುತ್ತೆ? ಅಂಬೇಡ್ಕರ್ 1935ರಲ್ಲಿ ಮಹಾರಾಷ್ಟ್ರದ ಯೇವಲಾದಲ್ಲಿ, ಹಿಂದೂ ಆಗಿ ಹುಟ್ಟಿದ್ದು ನನ್ನ ಕೈಲಿರಲಿಲ್ಲ, ಹಿಂದೂ ಆಗಿ ಸಾಯಲ್ಲ ಅಂದ್ರು. ಆಮೇಲೆ ಇಪ್ಪತ್ತೊಂದು ವರ್ಷ ಓದಿ, ತೂಗಿ, ಬೇರೆ ಬೇರೆ ಧರ್ಮಗಳನ್ನ ಪಕ್ಕ ಪಕ್ಕ ಇಟ್ಟು ನೋಡಿ 1956ರ ಅಕ್ಟೋಬರ್ 14ಕ್ಕೆ ನಾಗಪುರದಲ್ಲಿ ಬೌದ್ಧರಾದ್ರು. ಅವತ್ತು ಲಕ್ಷಾಂತರ ಜನ ಅವರ ಜೊತೆ ತಗೊಂಡ 22 ಪ್ರತಿಜ್ಞೆಗಳಲ್ಲಿ ಮೊದಲನೆಯದೇ ಬ್ರಹ್ಮ ವಿಷ್ಣು ಮಹೇಶ್ವರರನ್ನ ದೇವರು ಅಂತ ನಂಬಲ್ಲ, ಪೂಜಿಸಲ್ಲ ಅಂತ. ಬುದ್ಧ ವಿಷ್ಣುವಿನ ಅವತಾರ ಅಂತ ಒಪ್ಪಲ್ಲ ಅನ್ನೋದೂ ಅದರಲ್ಲಿದೆ. ಅದನ್ನೇ ಯಾಕೆ ಸೇರಿಸಿದ್ರು ಯೋಚನೆ ಮಾಡಿ. 'ಅಯ್ಯೋ ಅದೂ ನಮ್ಮದೇ, ಎಲ್ಲಾ ಒಂದೇ' ಅಂತ ತಬ್ಕೊಂಡು ಬಾಯಿ ಮುಚ್ಚಿಸೋರು ಬರ್ತಾರೆ ಅಂತ ಅವರಿಗೆ ಗೊತ್ತಿತ್ತು. ಎಲ್ಲಾ ಧರ್ಮವೂ ಸರಿ ಅಂದ್ರೆ ಆ ಇಪ್ಪತ್ತೊಂದು ವರ್ಷದ ಹುಡುಕಾಟ ಬರೀ ಮನೆ ಶಿಫ್ಟ್ ಮಾಡಿದಂಗಾಗುತ್ತೆ, ಇದನ್ನ ನಂಗೆ ಒಪ್ಪೋಕಾಗಲ್ಲ.

ಬುಕ್ಕರಾಯನ ಶಾಸನ ನಂಗೂ ಬಹಳ ಇಷ್ಟ. ಭೇದ ಇಲ್ಲ ಅನ್ನೋ ಮಾತು ಅದರಲ್ಲಿ ಇದೆ, ಇಲ್ಲ ಅನ್ನಲ್ಲ. ಆದ್ರೆ ಆಮೇಲೆ ಏನಿದೆ ಅಂತ ಓದಿ. ಜೈನರಿಗೆ ಪಂಚಮಹಾವಾದ್ಯ, ಕಲಶದ ಹಕ್ಕು ಮೊದಲಿನ ಥರ ನಡೀಬೇಕು. ಜೈನರ ಮನೆಯಿಂದ ವರ್ಷಕ್ಕೆ ಒಂದೊಂದು ಹಣ (ಆಗಿನ ಒಂದು ನಾಣ್ಯ) ಎತ್ತಿ, ಆ ದುಡ್ಡಲ್ಲಿ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನ ಇಡಬೇಕು, ಅದನ್ನ ನೋಡ್ಕೊಳ್ಳೋ ಜವಾಬ್ದಾರಿ ತಿರುಮಲೆಯ ತಾತಯ್ಯನದ್ದು, ಅಂದ್ರೆ ವೈಷ್ಣವರ ಕಡೆಯೋರದ್ದು. ಉಳಿದ ದುಡ್ಡಲ್ಲಿ ಹಾಳಾಗಿರೋ ಬಸದಿಗಳಿಗೆ ಸುಣ್ಣ ಬಳೀಬೇಕು. ಜಗಳ ಆಡಿದೋರ ಕೈಲೇ ಎದುರು ಪಾರ್ಟಿಯ ಬಸದಿ ಕಾಯಿಸೋದು, ಎಂಥಾ ತಲೆ ನೋಡಿ ಆ ರಾಜಂದು! ಆದ್ರೆ ಇದ್ರಲ್ಲಿ ದೇವರ ಬಗ್ಗೆ ತೀರ್ಪು ಎಲ್ಲಿದೆ? ಇದು ಊರಲ್ಲಿ ಒಟ್ಟಿಗೆ ಬದುಕೋ ಏರ್ಪಾಡು. ಕರಗ ದರ್ಗಾಕ್ಕೆ ಹೋಗೋದೂ ಅದೇ, ಧರ್ಮಸ್ಥಳದ್ದೂ ಅದೇ. ಹೆಗ್ಗಡೆಯವರ ಮನೆತನ ಮಂಜುನಾಥನ ಸೇವೆ ಮಾಡ್ತಾನೇ ಜೈನರಾಗೇ ಉಳಿದಿದೆ. ಪಕ್ಕದ ಮನೆಯೋನ ನಂಬಿಕೆ ತಪ್ಪು ಅಂದ್ಕೊಂಡೇ ಅವನ ಮನೆ ಬಾಗಿಲು ಕಾಯಬಹುದು. ಅವನು ಸರಿ ಅಂತ ಒಪ್ಪಿದ್ರೆ ಮಾತ್ರ ಕಾಯ್ತೀನಿ ಅನ್ನೋದಾದ್ರೆ ನಾಳೆ ಒಪ್ಪದೇ ಇದ್ದ ದಿನ ಏನು ಗತಿ?

ಈಗ ಅಕ್ಕನ ಪ್ರಶ್ನೆ, ಮಂಗಳವಾರ ಗುರುವಾರದ್ದು. ನನ್ನ ಉತ್ತರ, ಎರಡು ದಿನವೂ ಕೇಳಿಸ್ಕೊಂಡಿರಬಹುದು. ಆಕೆ ಅಲ್ಲಿ ಸಿದ್ಧಾಂತ ಹೇಳೋಕೆ ಹೋಗಿಲ್ಲ, ಮಗು ಜ್ವರ ಬಿಡ್ಲಿ ಅಂತಲೋ ಗಂಡ ಕುಡಿಯೋದು ಬಿಡ್ಲಿ ಅಂತಲೋ ಕೇಳೋಕೆ ಹೋಗಿರೋದು. ದೇವರ ಬಗ್ಗೆ ಸರಿಯಾಗಿ ಗೊತ್ತಿರೋದೇ ಬೇರೆ, ದೇವರು ಕೈ ಬಿಡದೇ ಇರೋದೇ ಬೇರೆ. ಇದನ್ನ ನಾನು ಹೇಳ್ತಿಲ್ಲ, ಅಕ್ಕ ತೆಗೆದ ಗೀತೆಯಲ್ಲೇ ಇದೆ, 9ನೇ ಅಧ್ಯಾಯದ 23ನೇ ಶ್ಲೋಕ: ಬೇರೆ ದೇವತೆಗಳನ್ನ ಶ್ರದ್ಧೆಯಿಂದ ಪೂಜಿಸೋರೂ ನನ್ನನ್ನೇ ಪೂಜಿಸ್ತಾರೆ, ಆದ್ರೆ 'ಅವಿಧಿಪೂರ್ವಕಮ್'. ಪೂಜೆ ತಗೊಂಡ, ಕ್ರಮ ಸರಿ ಇಲ್ಲ ಅಂತಾನೂ ಹೇಳ್ದ. ಕ್ಯಾಥೊಲಿಕ್ ಪಂಡಿತ ಕಾರ್ಲ್ ರಾನರ್ ಇಪ್ಪತ್ತನೇ ಶತಮಾನದಲ್ಲಿ, ಬೇರೆ ಧರ್ಮದ ಒಳ್ಳೆಯೋರು ತಮಗೇ ಗೊತ್ತಿಲ್ಲದ ಹಾಗೆ ಕ್ರೈಸ್ತರೇ ಅಂದಿದ್ದೂ ಇದೇ ಜಾತಿ ಮಾತು. ಇದು ಬೇರೆಯೋರನ್ನ ಒಳಗೆ ಕರ್ಕೊಳ್ಳೋ ಉದಾರತನ, ಎಲ್ಲರೂ ಸರಿ ಅನ್ನೋದಲ್ಲ. ಯಜಮಾನ ನಾನೇ, ನೀನು ಬಂದು ಊಟ ಮಾಡು ಅನ್ನೋದು.

ಈ ಊಟಕ್ಕೆ ಬರೋಕೇ ಒಪ್ಪದೇ ಇರೋರು ಜೈನರು. ಸ್ಯಾದ್ವಾದ ಅವರಿಂದ ಸಾಲ ತಂದ್ರಲ್ಲ ಅಕ್ಕ, ಅವರ ದೇವರ ಲೆಕ್ಕ ಏನು ಅಂತಾನೂ ನೋಡ್ಬೇಕಿತ್ತು. ರಾಷ್ಟ್ರಕೂಟರ ಕಾಲದ, ಅಮೋಘವರ್ಷನ ಗುರು ಜಿನಸೇನಾಚಾರ್ಯರು 9ನೇ ಶತಮಾನದಲ್ಲಿ, ಲೋಕವನ್ನ ಒಬ್ಬ ಸೃಷ್ಟಿಸಿದ ಅನ್ನೋದು ಮೂಢರ ಮಾತು ಅಂತ ಬರೆದಿದ್ದಾರೆ, ಸೃಷ್ಟಿಗೆ ಮುಂಚೆ ಅವನು ಎಲ್ಲಿ ಕೂತಿದ್ದ ಅಂತ ಕೇಳಿದ್ದಾರೆ. ಅಲ್ಲಿ ಅವರು ಮುಂದೆ 'ಸ್ಯಾತ್' ಅಂತ ಮೆತ್ತಗೆ ಸೇರಿಸೋಕೆ ಹೋಗಿಲ್ಲ. ಲೋಕ ಅನಾದಿ, ಮಾಡಿದೋನೂ ಇಲ್ಲ, ಮೇಲೆ ಕೂತು ಕ್ಷಮಿಸೋನೂ ಇಲ್ಲ, ನಿನ್ನ ಕರ್ಮ ನೀನೇ ಕಳ್ಕೋಬೇಕು ಅನ್ನೋರಿಗೆ, ನೀವೂ ಅದೇ ದೇವರನ್ನೇ ಮುಟ್ಟಿದ್ದೀರ ಅಂತ ಹೇಳೋದು ಹೇಗೆ? ಅವರು ಸರಿ ಅಂದ್ರೆ ಮಸೀದಿ, ಚರ್ಚು, ಗುಡಿ ಮೂರೂ ಕಡೆ ಹೇಳೋ ಸೃಷ್ಟಿಕರ್ತ ಇಲ್ಲ. ಆ ಮೂರು ಕಡೆಯೋರು ಸರಿ ಅಂದ್ರೆ ಜಿನಸೇನರು ತಪ್ಪು. ಚಿಕ್ಕಪೇಟೆ ಬಸದಿಗೆ ಅಕ್ಕ ಒಂದ್ಸಲ ಹೋಗಿ ಯಾರಾದ್ರೂ ಹಿರಿಯರನ್ನ ಕೂರಿಸ್ಕೊಂಡು ಇದನ್ನ ಕೇಳ್ಲಿ, ಅವರು ಏನಂದ್ರು ಅಂತ ಕತ್ತರಿಸದೇ ಪೂರ್ತಿ ಬರೀಲಿ, ಉತ್ತರ ನಾನು ಆಮೇಲೆ ಬರೀತೀನಿ.